ಬಹುಮಾನದ ಕಥೆ ಯಾರ ದನಿಯಲ್ಲಿರುತ್ತದೆ?

ಭಾನುವಾರ ಅಬಿಡ್ಸಿನಲ್ಲಿ ಬಹಳಷ್ಟು ಅಂಗಡಿಗಳ ಬಾಗಿಲು ಹಾಕಿರುತ್ತವೆ. ಮುಚ್ಚಿದ ಶಟರುಗಳ ಮುಂದೆ ಫುಟ್‌ಪಾತಿನ ಉದ್ದಕ್ಕೂ ಹಳೆಯ ಪುಸ್ತಕಗಳ ಸಂತೆ ನೆರೆಯುತ್ತದೆ. ಎಂಜಿನಿಯರಿಂಗ್ ಗೈಡು, ಇಂಗ್ಲಿಷ್ ಕಾದಂಬರಿ, ತೆಲುಗು ವಾರಪತ್ರಿಕೆ, ಅಂಚು ಹರಿದ ಉರ್ದು ಪುಸ್ತಕ ಎಲ್ಲವೂ ಒಂದೇ ಪ್ಲಾಸ್ಟಿಕ್ ಹಾಳೆಯ ಮೇಲೆ. ಕನ್ನಡದ್ದು ಸಿಗುವುದು ಅಪರೂಪ. ಈ ಊರಿಗೆ ಬಂದು ಇಪ್ಪತ್ತು ವರ್ಷ ದಾಟಿದರೂ ಆ ಅಪರೂಪಕ್ಕಾಗಿ ಹುಡುಕುವ ಚಟ ಮಾತ್ರ ನನ್ನನ್ನು ಬಿಟ್ಟಿಲ್ಲ.

ಕೆಲವು ವರ್ಷಗಳ ಹಿಂದೆ ಹಾಗೆ ಹುಡುಕುತ್ತಿರುವಾಗ ಮುಖಪುಟ ಕಳಚಿದ ಒಂದು ಕನ್ನಡ ದೀಪಾವಳಿ ವಿಶೇಷಾಂಕ ಕೈಗೆ ಬಂತು. ಎಷ್ಟು ಎಂದು ಕೇಳಿದೆ. "ದಸ್ ದೇ ದೋ ಸಾಬ್, ಆಪ್‌ಕೀಚ್ ಜಬಾನ್ ಹೈ ನಾ" ಅಂದ. ನಿಮ್ಮದೇ ಭಾಷೆ ತಾನೆ, ಹತ್ತು ರೂಪಾಯಿ ಕೊಡಿ ಅಂತ. ಹತ್ತಿರದ ಹೋಟೆಲಿನಲ್ಲಿ ಚಹಾ ತರಿಸಿಕೊಂಡು, ಅದರಲ್ಲಿದ್ದ ಸ್ಪರ್ಧೆಯ ಬಹುಮಾನಿತ ಕಥೆಗಳನ್ನು ಒಂದರ ಹಿಂದೊಂದು ಓದಿದೆ. ಬರೆದವರ ಹೆಸರುಗಳು ಬೇರೆ ಬೇರೆ, ಊರುಗಳೂ ಬೇರೆ. ಆದರೆ ಮೂರು ಕಥೆಗಳನ್ನು ಒಬ್ಬನೇ ಬರೆದಿದ್ದಾನೆ ಅಂದರೂ ನಾನು ನಂಬುತ್ತಿದ್ದೆ. ಮೊದಲ ಪ್ಯಾರಾದಲ್ಲಿ ಒಂದು ಸಾವು. ನಡುವೆ ಪಟ್ಟಣದಿಂದ ಬಂದಿಳಿಯುವ ಮಗ. ಕೊನೆಗೆ ಒಂದು ಒಣಗಿದ ಮರ, ಇಲ್ಲವೇ ಮುಚ್ಚಿಹೋದ ಬಾವಿ. ಪಾತ್ರಗಳು ಮಾತಾಡುವಾಗ ಹಳ್ಳಿ. ಮಾತು ಮುಗಿದು ನಿರೂಪಣೆ ಶುರುವಾದ ಕೂಡಲೇ ಕಾಲೇಜು ಪಠ್ಯದ ಕನ್ನಡ.

ನಗು ಬರಬೇಕಿತ್ತು, ಬರಲಿಲ್ಲ. ಏಕೆಂದರೆ ಅಂಥದೇ ಒಂದು ಕಥೆಯನ್ನು ನಾನೂ ಬರೆದಿದ್ದೆ. ಅದಕ್ಕೆ ಒಂದು ಸ್ಪರ್ಧೆಯಲ್ಲಿ ಮೆಚ್ಚುಗೆಯ ಬಹುಮಾನವೂ ಬಂದಿತ್ತು.

ನನ್ನೂರು ರಾಯಚೂರು ಕಡೆಯ ಒಂದು ಹಳ್ಳಿ. ಕಥೆಯಲ್ಲಿ ಒಂದು ಹುಣಸೆಮರವಿತ್ತು, ಅದನ್ನು ಕಡಿಸಬೇಕೋ ಬೇಡವೋ ಎಂಬ ಅಣ್ಣ-ತಮ್ಮಂದಿರ ಜಗಳವಿತ್ತು, ಪಟ್ಟಣದಿಂದ ಬರುವ ಮಗನಂತೂ ಇದ್ದೇ ಇದ್ದ. ರಜೆಯಲ್ಲಿ ಊರಿಗೆ ಹೋದಾಗ ಅವ್ವನಿಗೆ ಓದಿ ಹೇಳಿದೆ. ಅವಳಿಗೆ ಅಕ್ಷರ ಬಾರದು. ಪೂರ್ತಿ ಕೇಳಿ, "ಛಲೋ ಅದ. ಯಾರು ಬರ್ದಾರಪಾ ಇದನ್ನ?" ಅಂದಳು.

"ನಾನ ಬರ್ದೀನಿ ಬೇ."

"ನೀ ಹಿಂಗ ಎಲ್ಲಿ ಮಾತಾಡ್ತಿ?"

ಆವತ್ತು ಅವಳಿಗೆ ಸಾಹಿತ್ಯದ ಭಾಷೆ ಬೇರೆ ಇರುತ್ತದೆ ಎಂದು ತಿಳಿಸಿ ಹೇಳಿ ಮಾತು ಮುಗಿಸಿದೆ. ಆದರೆ ಸ್ಪರ್ಧೆಯ ನಿಯಮಗಳಲ್ಲಿ ಸಾಮಾನ್ಯವಾಗಿ ಇರುವ ಒಂದು ಸಾಲು ಆಮೇಲೆ ಕಾಡತೊಡಗಿತು. ಕಥೆ ಸ್ವಂತದ್ದಾಗಿರಬೇಕು, ಅನುವಾದವಾಗಲಿ ಅನುಕರಣೆಯಾಗಲಿ ಆಗಿರಬಾರದು ಎಂದು ಒಂದು ಹಾಳೆಯಲ್ಲಿ ಬರೆದು ಸಹಿ ಹಾಕುತ್ತೇವಲ್ಲ, ಆ ಸಾಲು. ನಾನು ಯಾರ ಕಥೆಯನ್ನೂ ಕದ್ದಿರಲಿಲ್ಲ. ಆದರೆ ಹಾಕಿದ ಸಹಿ ಪೂರಾ ನಿಜವಾಗಿತ್ತೇ?

ಈ ಪ್ರಶ್ನೆ ಎತ್ತಿದ ಕೂಡಲೇ ಸ್ಪರ್ಧೆಗಳನ್ನೇ ಬೈಯುವುದು ಸುಲಭ. ನಮ್ಮ ಸಾಹಿತ್ಯ ಗೋಷ್ಠಿಗಳಲ್ಲಿ ಅದು ನಡೆದೇ ಇದೆ. ನಾನು ಆ ಸಾಲಿಗೆ ಸೇರುವವನಲ್ಲ. ಹೊರನಾಡಿನಲ್ಲಿ ಕೂತು ಬರೆಯುವವನಿಗೆ ಬೆಂಗಳೂರಿನ, ಧಾರವಾಡದ ಸಾಹಿತ್ಯ ವಲಯದ ಪರಿಚಯ ಇರುವುದಿಲ್ಲ. ಸಂಪಾದಕರ ಮುಖ ಗೊತ್ತಿಲ್ಲ, ಪ್ರಕಾಶಕರ ಫೋನ್ ನಂಬರು ಗೊತ್ತಿಲ್ಲ. ಹೆಸರನ್ನು ಬೇರೆ ಹಾಳೆಯಲ್ಲಿ ಬರೆದು ಕಳಿಸಿ ಎನ್ನುವ ಸ್ಪರ್ಧೆಯೊಂದೇ ಅವನಿಗೆ ತೆರೆದ ಬಾಗಿಲು. ಅದಕ್ಕೊಂದು ಕೊನೆಯ ದಿನಾಂಕ ಇರುತ್ತದೆ ಎಂಬ ಒಂದೇ ಕಾರಣಕ್ಕೆ ನನ್ನ ಎಷ್ಟೋ ಕಥೆಗಳು ಮುಗಿದಿವೆ. ಅಬಿಡ್ಸಿನ ಜನರಲ್ ಪೋಸ್ಟ್ ಆಫೀಸಿನಲ್ಲಿ ರಿಜಿಸ್ಟರ್ಡ್ ಪೋಸ್ಟ್ ಮಾಡಿ, ರಸೀದಿಯನ್ನು ಕಿಸೆಯಲ್ಲಿ ಇಟ್ಟುಕೊಂಡು ತಿಂಗಳುಗಟ್ಟಲೆ ಓಡಾಡಿದ್ದೇನೆ. ಆ ರಿಜಿಸ್ಟರ್ಡ್ ಪೋಸ್ಟ್ ಕೂಡ 2025ರಲ್ಲಿ ಸ್ಪೀಡ್ ಪೋಸ್ಟಿನೊಳಗೆ ಸೇರಿಹೋಯಿತು. ಈಗ ಹೆಚ್ಚಿನ ಕಥೆಗಳು ಇ-ಮೇಲಿನಲ್ಲೇ ಹೋಗುತ್ತವೆ.

ಇನ್ನು ಸ್ಪರ್ಧೆಗೆ ಕಳಿಸಿದರೆ ದನಿ ಕೆಡುತ್ತದೆ ಎಂಬ ಮಾತಿಗೆ ನಮ್ಮಲ್ಲೇ ಉತ್ತರವಿದೆ. ಪೂರ್ಣಚಂದ್ರ ತೇಜಸ್ವಿಯವರ 'ಲಿಂಗ ಬಂದ' ಪ್ರಜಾವಾಣಿಯ ಬಹುಮಾನ ಪಡೆದ ಕಥೆ. ಮಲೆನಾಡಿನ ಮಳೆಯನ್ನು ಒಬ್ಬ ಹುಡುಗನ ಕಣ್ಣಿನಿಂದ ನೋಡುವ ಆ ಕಥೆಯಲ್ಲಿ ಮುಂದಿನ ತೇಜಸ್ವಿ ಆಗಲೇ ಕಾಣುತ್ತಾರೆ. ಅದೇ ತೇಜಸ್ವಿ 1973ರಲ್ಲಿ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯಲ್ಲಿ, ತಾವೂ ಬರೆದು ಪಳಗಿದ್ದ ನವ್ಯದ ದಾರಿ ಬಿಟ್ಟು ಬೇರೆ ದಾರಿ ಹುಡುಕಬೇಕಾಗಿದೆ ಎಂದು ಸಾರಿದರು. ನವ್ಯಕ್ಕೆ ಮರ್ಯಾದೆ ಇದ್ದ ಕಾಲ ಅದು. ಬಹುಮಾನ ಅವರನ್ನು ಕಟ್ಟಿಹಾಕಲಿಲ್ಲ, ಚಾಲ್ತಿಯಲ್ಲಿದ್ದ ಮಾದರಿಯೂ ಕಟ್ಟಿಹಾಕಲಿಲ್ಲ.

ನಾನು ಈಗ ಇರುವ ಊರಿನ ಭಾಷೆಯಿಂದ ಇನ್ನೂ ದೊಡ್ಡ ಉದಾಹರಣೆ ಕೊಡಬಹುದು. 1952ರಲ್ಲಿ ನ್ಯೂಯಾರ್ಕ್ ಹೆರಾಲ್ಡ್ ಟ್ರಿಬ್ಯೂನ್ ಪತ್ರಿಕೆ ನಡೆಸಿದ ಜಾಗತಿಕ ಕಥಾ ಸ್ಪರ್ಧೆಯಲ್ಲಿ ಎರಡನೇ ಬಹುಮಾನ ಬಂದದ್ದು ತೆಲುಗಿನ ಪಾಲಗುಮ್ಮಿ ಪದ್ಮರಾಜು ಅವರ 'ಗಾಲಿವಾನ'ಕ್ಕೆ. ಗಾಲಿವಾನ ಅಂದರೆ ಬಿರುಗಾಳಿ ಮಳೆ. ನೀತಿ, ಶಿಸ್ತು ಎಂದು ಬದುಕಿದ ಒಬ್ಬ ಮರ್ಯಾದಸ್ಥ, ರೈಲಿನಲ್ಲಿ ಎದುರಾಗುವ ಒಬ್ಬ ಭಿಕ್ಷುಕಿ, ಚಂಡಮಾರುತದ ಒಂದು ರಾತ್ರಿ, ಇಷ್ಟೇ ಕಥೆ. ಅಮೆರಿಕದ ತೀರ್ಪುಗಾರರಿಗೆ ತಿಳಿಯಲೆಂದು ಆಂಧ್ರದ ಕರಾವಳಿಯ ಆ ಗಾಳಿಯ ಅಬ್ಬರವನ್ನು ಪದ್ಮರಾಜು ತಗ್ಗಿಸಲಿಲ್ಲ. ಆ ಗಾಳಿ ಅಷ್ಟು ಖಚಿತವಾಗಿ ಬೀಸಿದ್ದರಿಂದಲೇ ದೂರದವರಿಗೂ ಮುಟ್ಟಿತು.

ಹಾಗಾದರೆ ತಪ್ಪು ಎಲ್ಲಿದೆ? ಕಥೆಯನ್ನು ಕಳಿಸುವುದರಲ್ಲಿ ತಪ್ಪಿಲ್ಲ. ಬರೆಯುವಾಗ ಪಕ್ಕದಲ್ಲಿ ತೀರ್ಪುಗಾರರನ್ನು ಕೂರಿಸಿಕೊಳ್ಳುತ್ತೇವಲ್ಲ, ಅಲ್ಲಿದೆ. ಆ ತೀರ್ಪುಗಾರರು ನಿಜವಾದ ಮನುಷ್ಯರೂ ಅಲ್ಲ. ಹಿಂದಿನ ವರ್ಷಗಳ ಬಹುಮಾನಿತ ಕಥೆಗಳನ್ನು, ಅವುಗಳ ಜೊತೆ ಅಚ್ಚಾದ ತೀರ್ಪಿನ ಟಿಪ್ಪಣಿಗಳನ್ನು ಓದಿ ನಾವೇ ಕಟ್ಟಿಕೊಂಡ ಬೊಂಬೆ. ಅದಕ್ಕೆ ಹಳ್ಳಿ ಇಷ್ಟ ಅಂತ ನಾವೇ ತೀರ್ಮಾನಿಸುತ್ತೇವೆ, ಸಾಂಕೇತಿಕ ಕೊನೆ ಬೇಕು ಅಂತಲೂ ನಾವೇ ತೀರ್ಮಾನಿಸುತ್ತೇವೆ.

ಹೊರಗೆ ನೆಲೆಸಿದವರಿಗೆ ಈ ಬೊಂಬೆಯ ಕಾಟ ತುಸು ಜಾಸ್ತಿ. ಊರಲ್ಲಿರುವ ಓದುಗರಿಗೆ ನಮ್ಮಿಂದ ಏನು ಬೇಕು? ಬಿಟ್ಟು ಬಂದ ಮನೆ, ಅಜ್ಜಿ, ಜಾತ್ರೆ, ನೆನಪು, ಇವೇ ಇರಬೇಕು ಎಂದುಕೊಳ್ಳುತ್ತೇವೆ. ನಾನು ಬಿಟ್ಟು ಬಂದ ಹಳ್ಳಿಯಲ್ಲಿ ಈಗ ಎಲ್ಲರ ಕೈಯಲ್ಲೂ ಮೊಬೈಲು ಇದೆ. ನನ್ನ ಕಥೆಯಲ್ಲಿ ಮಾತ್ರ ಇನ್ನೂ ಅಂಚೆಯಣ್ಣನೇ ಸುದ್ದಿ ತರುತ್ತಿದ್ದ. 'ಸ್ವಂತ ದನಿ' ಅಂದರೆ ಊರು ಬಿಟ್ಟ ದಿನ ನಮ್ಮ ಬಾಯಲ್ಲಿದ್ದ ದನಿ ಎಂದು ನಂಬಿ, ಅದನ್ನು ಉಪ್ಪಿನಕಾಯಿಯ ಹಾಗೆ ಜಾಡಿಯಲ್ಲಿ ಹಾಕಿ ಇಡುತ್ತೇವೆ. ಇಪ್ಪತ್ತು ವರ್ಷದಲ್ಲಿ ಆ ದನಿಗೆ ಬೇರೆ ಊರಿನ ನೀರು ಸೇರಿದೆ. ಅದನ್ನು ಕಲಬೆರಕೆ ಎಂದು ನಾಚಿಕೊಂಡು ಮುಚ್ಚುತ್ತೇವೆ.

ನನ್ನ ಮನೆಯ ಒಂದು ದಿನದ ಮಾತು ಕೇಳಿ. ಹೆಂಡತಿಯ ಜೊತೆ ರಾಯಚೂರಿನ ಕನ್ನಡ. ಮಗನ ಗೆಳೆಯರ ಜೊತೆ ತೆಲುಗು. ಆಟೋದವನ ಜೊತೆ ದಖನಿ, ಅಂದರೆ 'ನಕ್ಕೋ', 'ಹೌ', 'ಕೈಕು'ಗಳ ಹೈದರಾಬಾದಿ ಉರ್ದು. ಆಫೀಸಿನಲ್ಲಿ ಇಂಗ್ಲಿಷು. ಹಾಗೆ ನೋಡಿದರೆ ಇದು ನಮ್ಮ ಕಡೆಯವರಿಗೆ ಹೊಸದೇನೂ ಅಲ್ಲ. ಬೀದರ, ಕಲಬುರಗಿ, ರಾಯಚೂರು 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದವು. 'ಹೈದರಾಬಾದ್ ಕರ್ನಾಟಕ' ಎಂಬ ಹೆಸರು ಹೋಗಿ 'ಕಲ್ಯಾಣ ಕರ್ನಾಟಕ' ಬಂದದ್ದು 2019ರಲ್ಲಿ. ಹೆಸರು ಬದಲಾದರೂ ನಮ್ಮ ಮಾತಿನಲ್ಲಿ ಬೆರೆತ ಉರ್ದು ಬೆರೆತೇ ಇದೆ. ಅಬಿಡ್ಸ್ ಎಂಬ ಹೆಸರನ್ನೇ ನೋಡಿ. ಆರನೇ ನಿಜಾಮ ಮಹಬೂಬ್ ಅಲಿ ಖಾನರ ಸೇವೆಯಲ್ಲಿದ್ದ ಆರ್ಮೇನಿಯಾ ಮೂಲದ ಆಲ್ಬರ್ಟ್ ಅಬಿದ್ ಇಲ್ಲಿ ಅಂಗಡಿ ಇಟ್ಟಿದ್ದರಂತೆ. ಅವರ ಹೆಸರಿಗೆ ಇಂಗ್ಲಿಷಿನ 'ಸ್' ಅಂಟಿತು, ಜನರ ಬಾಯಲ್ಲಿ ಅದೇ ಊರಿನ ಹೆಸರಾಯಿತು. ಇಂಥ ಜಾಗದಲ್ಲಿ ನಿಂತು ಶುದ್ಧ ದನಿ ಹುಡುಕುತ್ತೇನೆಂದರೆ ಹೇಗೆ?

ಆ ಹುಣಸೆಮರದ ಕಥೆಯ ಮೂರು ವರ್ಷದ ನಂತರ ಇದೇ ಫುಟ್‌ಪಾತಿನ ಒಬ್ಬ ಪುಸ್ತಕ ವ್ಯಾಪಾರಿಯನ್ನು ಇಟ್ಟುಕೊಂಡು ಇನ್ನೊಂದು ಕಥೆ ಬರೆದೆ. ಅವನು ಕಲಬುರಗಿ ಕಡೆಯವನು. ಗಿರಾಕಿಯ ಮುಖ ನೋಡಿ ಭಾಷೆ ಬದಲಿಸುವವನು. ಬರೆಯುವಾಗ ಖುಷಿಯಾಗಿತ್ತು. ಕಳಿಸುವ ಹಿಂದಿನ ರಾತ್ರಿ ಹೆದರಿಕೆ ಬಂತು. ಕರ್ನಾಟಕದ ತೀರ್ಪುಗಾರರಿಗೆ ಇದೆಲ್ಲ ತಿಳಿಯುತ್ತದೋ ಇಲ್ಲವೋ ಎಂದು 'ನಕ್ಕೋ' ಇದ್ದಲ್ಲಿ 'ಬೇಡ' ಹಾಕಿದೆ. 'ಗಲ್ಲಾ' ತೆಗೆದು 'ಹಣದ ಪೆಟ್ಟಿಗೆ' ಮಾಡಿದೆ. ವ್ಯಾಪಾರಿ ನಾಲ್ಕು ಬಗೆಯಲ್ಲಿ ಮಾತಾಡುತ್ತಿದ್ದವನು ಬೆಳಗಾಗುವುದರೊಳಗೆ ಒಂದೇ ಬಗೆಯಲ್ಲಿ ಮಾತಾಡತೊಡಗಿದ. ಕಥೆಯಿದ್ದದ್ದೇ ಆ ನಾಲ್ಕು ಬಗೆಯಲ್ಲಿ! ಬಹುಮಾನ ಬರಲಿಲ್ಲ. ಬರಬಾರದಿತ್ತು ಕೂಡ. ಆವತ್ತು ತೀರ್ಪುಗಾರರನ್ನು ಬೈದುಕೊಂಡೆ. ಆಮೇಲೆ ಮೊದಲ ಕರಡು ಸಿಕ್ಕಾಗ ಎರಡನ್ನೂ ಪಕ್ಕಪಕ್ಕ ಇಟ್ಟು ಓದಿದೆ. ಕಥೆಯನ್ನು ಕೊಂದವನು ನಾನೇ.

ಇಲ್ಲಿ ಒಂದು ಎಚ್ಚರ ಬೇಕು. ಹಾಗಾದರೆ ಆಡುಮಾತು ತುಂಬಿದರೆ ಸ್ವಂತ ದನಿ ಬಂತೇ? ಇಲ್ಲ. ಅದೂ ಒಂದು ವೇಷ ಆಗಬಹುದು. ದೇವನೂರ ಮಹಾದೇವ 1984ರ 'ಕುಸುಮಬಾಲೆ'ಯಲ್ಲಿ ಪಾತ್ರಗಳ ಮಾತಿಗಷ್ಟೇ ಅಲ್ಲ, ನಿರೂಪಣೆಗೂ ನಂಜನಗೂಡು ಸೀಮೆಯ ಮಾತನ್ನೇ ತಂದರು. ಓದಲು ಕಷ್ಟ ಎಂದವರು ಬಹಳ ಜನ. ಆದರೆ ಆ ಲೋಕವನ್ನು ಬೇರೆ ಕನ್ನಡದಲ್ಲಿ ಹೇಳಲು ಬರುತ್ತಿರಲಿಲ್ಲ. ಅವರ ನಂತರ ಬಂದ ಅನೇಕರು ಅಲ್ಲಿಂದ ತೆಗೆದುಕೊಂಡದ್ದು ಉಚ್ಚಾರಣೆಯನ್ನು ಮಾತ್ರ. ನಾಲ್ಕು ಜವಾರಿ ಶಬ್ದ ಉದುರಿಸಿದರೆ ಮಣ್ಣಿನ ವಾಸನೆ ಬರುತ್ತದೆ ಎಂಬ ಲೆಕ್ಕಾಚಾರ ಸ್ಪರ್ಧೆಯ ಕಥೆಗಳಲ್ಲಿ ಈಗಲೂ ಕಾಣುತ್ತದೆ. ನಾನು 'ಬೇಡ' ಹಾಕಿದ್ದು ಹೇಗೆ ಸುಳ್ಳೋ, ಮೆಚ್ಚಿಸಲು 'ನಕ್ಕೋ' ಹಾಕಿದ್ದರೆ ಅದೂ ಅಷ್ಟೇ ಸುಳ್ಳು.

ಜಯಂತ ಕಾಯ್ಕಿಣಿಯವರನ್ನು ನೋಡಿ. ಗೋಕರ್ಣದಿಂದ ಮುಂಬಯಿಗೆ ಹೋದವರು. ಅವರ ನಿರೂಪಣೆಯ ಕನ್ನಡ ಬಹುಪಾಲು ನಮಗೆಲ್ಲ ತಿಳಿಯುವ ಕನ್ನಡವೇ. ಆದರೂ ಮುಂಬಯಿಯ ಚಾಳು, ಲೋಕಲ್ ರೈಲು, ಸಿನಿಮಾ ಟಾಕೀಸುಗಳನ್ನು ನೋಡುವ ಕಣ್ಣು ಅಲ್ಲೇ ಬದುಕಿದವರದು, ಊರಿಗೆ ಪತ್ರ ಬರೆಯುವ ಪ್ರವಾಸಿಯದಲ್ಲ. ಆ ಮುಂಬಯಿ ಕಥೆಗಳು ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದದಲ್ಲಿ 2018ರ ಸಾಲಿನ ಡಿಎಸ್‌ಸಿ ಪ್ರಶಸ್ತಿ ಪಡೆದವು. ಯಶವಂತ ಚಿತ್ತಾಲರು ಅದೇ ಮುಂಬಯಿಯಲ್ಲಿ ಕೂತು ಹನೇಹಳ್ಳಿಯನ್ನು ಮತ್ತೆ ಮತ್ತೆ ಬರೆದರು. ಅಲ್ಲಿಂದಲೇ 1979ರಲ್ಲಿ ಕಂಪನಿಗಳ ಲೋಕದ 'ಶಿಕಾರಿ'ಯನ್ನೂ ಬರೆದರು. ಹಳ್ಳಿ ಬರೆದರೆ ಸುಳ್ಳು, ನಗರ ಬರೆದರೆ ನಿಜ ಎಂಬ ನಿಯಮವಿಲ್ಲ ಎನ್ನಲು ಅವರೊಬ್ಬರೇ ಸಾಕು. ಅವರ ಹನೇಹಳ್ಳಿ ಹಂಬಲದ ಚಿತ್ರವಷ್ಟೇ ಅಲ್ಲ, ಭಯವೂ ಗುಟ್ಟುಗಳೂ ಇರುವ ಜಾಗ.

ನನ್ನ ಸ್ಥಿತಿಗೆ ಇನ್ನೂ ಹತ್ತಿರದವರು ಕುಂ. ವೀರಭದ್ರಪ್ಪ. ಕೊಟ್ಟೂರಿನವರು, ಆಂಧ್ರದ ಹಳ್ಳಿಗಳಲ್ಲಿ ಮೇಷ್ಟ್ರಾಗಿದ್ದವರು. ಅವರ ಗದ್ಯದಲ್ಲಿ ತೆಲುಗು ಬಾಗಿಲು ತಟ್ಟದೆ ಒಳಗೆ ಬರುತ್ತದೆ. 2007ರಲ್ಲಿ 'ಅರಮನೆ'ಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಾಗ ಆ ಬೆರಕೆಗೇ ಮರ್ಯಾದೆ ಸಿಕ್ಕಿತು ಅನಿಸಿತು. ಇನ್ನು ಬಾನು ಮುಷ್ತಾಕ್. ಹಾಸನದವರು, ಮನೆಮಾತು ದಖನಿ ಉರ್ದು, ಬರೆದದ್ದು ಕನ್ನಡದಲ್ಲಿ. ದೀಪಾ ಭಾಸ್ತಿ ಅವರ ಅನುವಾದದ 'ಹಾರ್ಟ್ ಲ್ಯಾಂಪ್' 2025ರಲ್ಲಿ ಅಂತರರಾಷ್ಟ್ರೀಯ ಬುಕರ್ ಗೆದ್ದಿತು. ಕನ್ನಡಕ್ಕೆ ಅದು ಮೊದಲು, ಕಥಾಸಂಕಲನವೊಂದಕ್ಕೂ ಮೊದಲು. ಅನುವಾದಕಿ ಆ ಕನ್ನಡ, ಉರ್ದು ಶಬ್ದಗಳನ್ನು ಇಂಗ್ಲಿಷಿನಲ್ಲೂ ಹಾಗೇ ಬಿಟ್ಟರು; ಓರೆ ಅಕ್ಷರದಲ್ಲಿ ಹಾಕಿ ಬೇರೆಯಾಗಿ ತೋರಿಸಲೂ ಒಪ್ಪಲಿಲ್ಲ. ಲಂಡನ್ನಿನ ತೀರ್ಪುಗಾರರಿಗೆ ತಿಳಿದ ಮೇಲೆ, ನನ್ನ 'ನಕ್ಕೋ' ಕರ್ನಾಟಕದವರಿಗೆ ತಿಳಿಯುವುದಿಲ್ಲ ಎಂದು ನಾನು ಹೆದರಿದ್ದು ನನ್ನ ಓದುಗರಿಗೇ ಮಾಡಿದ ಅವಮಾನ.

ಸ್ಪರ್ಧೆಗೆ ಕಳಿಸುವ ಗೆಳೆಯರಿಗೆ ನಾನು ಹೇಳುವುದು ಇಷ್ಟು. ಪದಮಿತಿ ಪಾಲಿಸಿ, ದಿನಾಂಕ ಪಾಲಿಸಿ. ಅವು ಕಥೆಗೆ ಒಳ್ಳೆಯದನ್ನೇ ಮಾಡುತ್ತವೆ. ಹಿಂದಿನ ವರ್ಷದ ಬಹುಮಾನಿತ ಕಥೆಗಳನ್ನು ನಿಮ್ಮ ಕಥೆ ಮುಗಿಯುವವರೆಗೆ ಓದಬೇಡಿ. ಮುಗಿದ ಮೇಲೆ ಮನೆಯಲ್ಲಿ ಒಬ್ಬರ ಎದುರು ಜೋರಾಗಿ ಓದಿ. ಎಲ್ಲಿ ನಾಲಗೆ ತೊಡರುತ್ತದೋ, ಎಲ್ಲಿ ನಿಮಗೇ ಮುಜುಗರ ಆಗುತ್ತದೋ ಅಲ್ಲಿ ಆ ಬೊಂಬೆ ಕೂತಿರುತ್ತದೆ. ಬಹುಮಾನ ಬರದಿದ್ದರೆ ಇದೇ ಕಥೆಯನ್ನು ಹೀಗೇ ಇನ್ನೊಂದು ಕಡೆ ಕಳಿಸುತ್ತೇನಾ ಎಂದು ಕೇಳಿಕೊಳ್ಳಿ. ಇಲ್ಲ ಎನಿಸಿದರೆ ಲಕೋಟೆ ಅಂಟಿಸಬೇಡಿ.

ಪುಸ್ತಕ ವ್ಯಾಪಾರಿಯ ಕಥೆಯನ್ನು ಮೊದಲ ಕರಡಿನಲ್ಲಿದ್ದ ಹಾಗೇ ಇನ್ನೆರಡು ಸ್ಪರ್ಧೆಗಳಿಗೆ ಕಳಿಸಿದೆ. ಎರಡರಲ್ಲೂ ಬಹುಮಾನ ಬರಲಿಲ್ಲ. ಕಥೆಯಲ್ಲಿ ಬೇರೆ ದೋಷಗಳಿರಬಹುದು. ಸ್ವಂತ ದನಿ ಇದ್ದ ಮಾತ್ರಕ್ಕೆ ಕಥೆ ಚೆನ್ನಾಗಿರಬೇಕು ಅಂತೇನಿಲ್ಲವಲ್ಲ. ಹೋದ ಸಲ ಊರಿಗೆ ಹೋದಾಗ ಅವ್ವನಿಗೆ ಅದನ್ನೂ ಓದಿ ಹೇಳಿದೆ. ವ್ಯಾಪಾರಿ ತೆಲುಗಿನವನ ಹತ್ತಿರ ಚೌಕಾಸಿ ಮಾಡುವ ಜಾಗದಲ್ಲಿ ನಕ್ಕಳು. ಮುಗಿದ ಮೇಲೆ, "ಇದಕ್ಕ ರೊಕ್ಕ ಬಂತೇನು?" ಎಂದು ಕೇಳಿದಳು. ಇಲ್ಲ ಅಂದೆ. "ಹೋಗ್ಲಿ ಬಿಡು, ಮುಂದಿನ ವರ್ಷ ಹಾಕು" ಅಂದಳು. ಯಾರು ಬರೆದದ್ದು ಎಂದು ಮಾತ್ರ ಕೇಳಲಿಲ್ಲ.