ಬಾಳೋ ಪಾಟ್: ಮರುನುಡಿಯುವ ಜೋಡಿ ಎಲ್ಲಿ?

ಕೊಡಗಿನಲ್ಲಿ ಕೊಡವರ ಸಾಂಪ್ರದಾಯಿಕ ಹಾಡಾದ ಬಾಳೋ ಪಾಟ್ ಹಾಡುವವರಿಗೆ ಹಾಡುವುದು ಕಸುಬಲ್ಲ. ಅವರು ಕಾಫಿ ಬೆಳೆಗಾರರು, ಗದ್ದೆ ಮಾಡುವವರು, ಸೇನೆಯಿಂದ ನಿವೃತ್ತರಾಗಿ ಊರಿಗೆ ಬಂದವರು. ಸಭಾಂಗಣ, ಟಿಕೆಟ್, ಸಂಗೀತ ಶಾಲೆಯ ಪರೀಕ್ಷೆ ಯಾವುದರ ಹಂಗೂ ಇಲ್ಲದೆ ಒಂದು ಸಮುದಾಯ ತನ್ನ ಹುಟ್ಟು, ಮದುವೆ, ಹಬ್ಬ, ಸಾವುಗಳಿಗೆ ಬೇಕಾದ ಹಾಡನ್ನು ತಾನೇ ಕಟ್ಟಿಕೊಂಡು ಹಾಡುತ್ತ ಬಂದಿದೆ. ಈ ಸ್ವಾವಲಂಬನೆಯೇ ಈ ಪರಂಪರೆಯ ದೊಡ್ಡ ಬಲ. ಇಂದು ದುಡಿ ಎಂಬ ಚರ್ಮವಾದ್ಯ ಹಿಡಿದ ಕೈಗಳಲ್ಲಿ ಹೆಚ್ಚಿನವು ಮುಪ್ಪಾಗುತ್ತಿರುವುದರಿಂದ, ಆ ಬಲ ಎಲ್ಲಿದೆ, ಎಲ್ಲಿ ಸೋರಿಹೋಗುತ್ತಿದೆ ಎಂದು ನಿಷ್ಠುರವಾಗಿ ನೋಡಬೇಕಾಗಿದೆ.

ಹಾಡುವ ಕ್ರಮವನ್ನೇ ಗಮನಿಸಿ. ನಾಲ್ವರು, ಎರಡು ಜೋಡಿ. ಒಬ್ಬೊಬ್ಬರ ಎಡಗೈಯಲ್ಲೂ ನಡು ಸಣ್ಣಗಿರುವ ಪುಟ್ಟ ದುಡಿ, ಬಲಗೈಯಲ್ಲಿ ತೆಳು ಕೋಲು. ಮೊದಲ ಜೋಡಿ ಒಂದು ಸಾಲು ಹಾಡುತ್ತದೆ, ಎರಡನೆಯ ಜೋಡಿ ಅದನ್ನೇ ಮರುನುಡಿಯುತ್ತದೆ. ಆ ಬಿಡುವಿನಲ್ಲಿ ಮೊದಲನೆಯವರು ಮುಂದಿನ ಸಾಲನ್ನು ನೆನಪಿನಿಂದ ಎತ್ತಿಕೊಳ್ಳುತ್ತಾರೆ ಅಥವಾ ಅಲ್ಲೇ ಹೊಸದಾಗಿ ಕಟ್ಟುತ್ತಾರೆ. ದೇವರ ಸ್ತುತಿ, ನಾಡಿನ ವರ್ಣನೆಯಂಥ ಭಾಗಗಳು ಬಹುಮಟ್ಟಿಗೆ ಸಿದ್ಧವಾಗಿರುತ್ತವೆ. ಆದರೆ ಮದುವೆಯ ಮನೆಯ ಒಕ್ಕದ, ಅಂದರೆ ಮನೆತನದ, ಹಿರಿಮೆ, ತೀರಿಹೋದವರು ಬಾಳಿದ ಬದುಕು ಇವನ್ನು ಯಾರೂ ಮೊದಲೇ ಬರೆದಿಟ್ಟಿರುವುದಿಲ್ಲ. ಯಾವ ಒಕ್ಕ ಯಾವ ಒಕ್ಕಕ್ಕೆ ಹೆಣ್ಣು ಕೊಟ್ಟಿತು, ಒಕ್ಕದ ಮೂಲಮನೆಯಾದ ಐನ್‌ಮನೆ ಯಾವ ಬೆಟ್ಟದ ಬುಡದಲ್ಲಿದೆ, ಸತ್ತವರು ಊರಿಗೆ ಏನಾಗಿದ್ದರು ಎಂಬುದೆಲ್ಲ ತಿಳಿದವರಿಗೆ ಮಾತ್ರ ಅದು ಸಾಧ್ಯ. ಹಾಗಾಗಿ ಇಲ್ಲಿ ವಯಸ್ಸು ಕೊರತೆಯಲ್ಲ, ಅರ್ಹತೆ. ಕಂಠ ಬಿರುಕು ಬಿಟ್ಟರೂ ಅರಿವು ಇರುವವರೇ ಮುಂದಾಳು. ಎರಡನೆಯ ಜೋಡಿಯ ಸ್ಥಾನವೋ ಕಲಿಯುವವರದ್ದು. ಮರುನುಡಿಯುತ್ತ ಮರುನುಡಿಯುತ್ತ ಒಂದು ದಿನ ಅವರೇ ಮುಂದಿನ ಜೋಡಿಯಾಗುತ್ತಾರೆ. ಶಾಲೆಯಿಲ್ಲದ ಪರಂಪರೆ ತನ್ನ ಶಾಲೆಯನ್ನು ಹಾಡಿನ ಒಳಗೇ ಇಟ್ಟುಕೊಂಡಿದೆ.

ಇದರ ಪಕ್ಕದಲ್ಲಿ ಪಶ್ಚಿಮದ ಪಂಕ್ ಸಂಗೀತವನ್ನು ಇಟ್ಟು ನೋಡಿದರೆ ವ್ಯತ್ಯಾಸ ಸ್ಪಷ್ಟವಾಗುತ್ತದೆ. ನಮ್ಮ ಹಾಡನ್ನು ನಾವೇ ಮಾಡಿಕೊಳ್ಳುತ್ತೇವೆ ಎಂಬ ಛಲ ಅಲ್ಲಿಯೂ ಇತ್ತು. ವಾಷಿಂಗ್ಟನ್‌ನ ಪಂಕ್ ಹಾಡುಗಾರ ಇಯಾನ್ ಮೆಕಾಯ್ 1980ರಲ್ಲಿ ಗೆಳೆಯ ಜೆಫ್ ನೆಲ್ಸನ್ ಜೊತೆ ಡಿಸ್ಕಾರ್ಡ್ ಎಂಬ ಧ್ವನಿಮುದ್ರಣ ಸಂಸ್ಥೆ ಕಟ್ಟಿದಾಗ ಅವರಿಗೆ ಹದಿನೆಂಟು ವರ್ಷ. ಮುಂದೆ ಅವರ ಫುಗಾಜಿ ತಂಡ ಟಿಕೆಟ್ ದರವನ್ನು ಐದು ಡಾಲರ್ ಆಸುಪಾಸಿನಲ್ಲೇ ಹಿಡಿದಿಟ್ಟು, ಎಲ್ಲ ವಯಸ್ಸಿನವರಿಗೂ ಬಾಗಿಲು ತೆರೆದಿಟ್ಟಿತು. ಆ ಪೀಳಿಗೆಗೆ ಈಗ ಅರವತ್ತು ದಾಟಿದೆ. ಹರೆಯದ ಸಿಟ್ಟನ್ನೇ ಉಸಿರಾಗಿಸಿಕೊಂಡ ಸಂಗೀತದಲ್ಲಿ ನರೆತವರಿಗೆ ಜಾಗ ಎಲ್ಲಿ ಎಂಬುದು ಅವರ ಪ್ರಶ್ನೆ. ಕೊಡಗಿನಲ್ಲಿ ಪ್ರಶ್ನೆ ತಿರುವುಮುರುವು. ಹಿರಿಯರಿಗೆ ಜಾಗ ಇದೆ, ಅವರ ಸಾಲನ್ನು ಮರುನುಡಿಯಲು ಹರೆಯದವರಿಲ್ಲ.

ಕಾರಣ ಒಂದಲ್ಲ. ಭಾಷೆಯೇ ಕುಗ್ಗುತ್ತಿದೆ. 2001ರ ಜನಗಣತಿಯಲ್ಲಿ ಕೊಡವ ತಾಯ್ನುಡಿಯೆಂದು ಹೇಳಿದವರು 1,66,187, 2011ರಲ್ಲಿ 1,13,857. ಮಕ್ಕಳು ಓದಿಗೆ, ಕೆಲಸಕ್ಕೆಂದು ಮೈಸೂರು, ಬೆಂಗಳೂರು ಸೇರುತ್ತಾರೆ. ಮದುವೆಗಳು ಐನ್‌ಮನೆಯ ಅಂಗಳದಿಂದ ಕಲ್ಯಾಣ ಮಂಟಪಕ್ಕೆ ಬಂದಿವೆ. ಊಟದ ಹೊತ್ತು, ಫೋಟೊದ ಹೊತ್ತು ನಿಗದಿಯಾದ ಕಡೆ, ನಿಧಾನವಾಗಿ ಬೆಳೆಯುವ ಹಾಡಿಗೆ ಹತ್ತು ನಿಮಿಷ ಸಿಕ್ಕರೆ ಹೆಚ್ಚು. ಸಿದ್ಧ ಸಾಲುಗಳು ಮುಗಿಯುವಷ್ಟರಲ್ಲೇ ಸಮಯವೂ ಮುಗಿಯುತ್ತದೆ. ಕಟ್ಟಿ ಹಾಡುವ ಭಾಗ, ಅಂದರೆ ಈ ಕಲೆಯ ಜೀವ, ಮೊದಲು ಬಲಿಯಾಗುತ್ತದೆ.

ಉಳಿಸುವ ಯತ್ನಗಳು ನಡೆದಿಲ್ಲವೆಂದಲ್ಲ. ಪೊಲೀಸ್ ಇಲಾಖೆಯಲ್ಲಿದ್ದ ನಡಿಕೇರಿಯಂಡ ಚಿಣ್ಣಪ್ಪ ಹಾಡುಗಾರರ ಬಾಯಿಂದ ಕೇಳಿ ಬರೆದುಕೊಂಡು 1924ರಲ್ಲಿ ಪ್ರಕಟಿಸಿದ ‘ಪಟ್ಟೋಲೆ ಪಳಮೆ’ ಇಲ್ಲದಿದ್ದರೆ ಎಷ್ಟೋ ಹಾಡುಗಳು ಹಾಡಿದವರ ಜೊತೆಗೇ ಹೋಗುತ್ತಿದ್ದವು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1952ರಲ್ಲಿ ಪ್ರಕಟಿಸಿದ ಕೊಡವರ ಕುರಿತ ಅಧ್ಯಯನಕ್ಕೂ ಅದು ಆಧಾರವಾಯಿತು. ಚಿಣ್ಣಪ್ಪನವರ ಮೊಮ್ಮಕ್ಕಳಾದ ಬೋವೇರಿಯಂಡ ನಂಜಮ್ಮ ಮತ್ತು ಚಿಣ್ಣಪ್ಪ ದಂಪತಿ 2003ರಲ್ಲಿ ಅದನ್ನು ಇಂಗ್ಲಿಷಿಗೆ ತಂದರು. ಈ ಋಣ ದೊಡ್ಡದು. ಆದರೂ ಪುಸ್ತಕಕ್ಕೆ ಒಂದು ಮಿತಿಯಿದೆ. ಅದು ಅಂದು ಹಾಡಿದ್ದನ್ನು ಕೊಡುತ್ತದೆ, ಇಂದಿನ ಮನೆಯ ಬಗ್ಗೆ ಕಟ್ಟುವ ವಿದ್ಯೆಯನ್ನು ಕೊಡುವುದಿಲ್ಲ. ಅಚ್ಚಾದ ಸಾಲನ್ನು ಬಾಯಿಪಾಠ ಮಾಡಿ ಒಪ್ಪಿಸುವುದೇ ಕಲಿಕೆಯಾದರೆ, ನಡಿಕೇರಿಯಂಡ ಚಿಣ್ಣಪ್ಪನವರು ಕೇಳಿಸಿಕೊಂಡ ಹಾಡುಗಾರರಿಗೆ ನಾವು ವಾರಸುದಾರರಾಗುವುದಿಲ್ಲ. ವೇದಿಕೆಯ ಸ್ಪರ್ಧೆಗಳ ಮಿತಿಯೂ ಇದೇ. ಒಂದೇ ಬಗೆಯ ಉಡುಪು, ನಿಮಿಷದ ಲೆಕ್ಕ, ತೀರ್ಪುಗಾರರ ಅಂಕಗಳು ಹಾಡನ್ನು ಪ್ರದರ್ಶನದ ಐಟಂ ಆಗಿಸುತ್ತವೆ.

ಪರಂಪರೆಯ ಒಳಗಿನ ಕೊರತೆಗಳನ್ನೂ ಹೇಳಲೇಬೇಕು. ಬಾಳೋ ಪಾಟ್ ಬಹುಕಾಲ ಗಂಡಸರ ಹಾಡಾಗಿಯೇ ಉಳಿಯಿತು. ಹೆಂಗಸರ ಉಮ್ಮತ್ತಾಟ್ ನೃತ್ಯಕ್ಕೆ ಬಾಳು ಸವೆಸಿದ ಐಮುಡಿಯಂಡ ರಾಣಿ ಮಾಚಯ್ಯ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಕೊಡಗು ಹೆಮ್ಮೆಪಟ್ಟಿತು, ಸರಿಯೇ. ಆದರೆ ದುಡಿ ಹಿಡಿದು ಮುಂದಿನ ಜೋಡಿಯಲ್ಲಿ ಕೂರುವ ಹೆಣ್ಣುಮಕ್ಕಳು ಎಷ್ಟು ಮಂದಿ? ಇನ್ನೊಂದು ಮಾತು ಜಾತಿಯದು. ನಾವೇ ಹಾಡಿಕೊಳ್ಳುತ್ತೇವೆ ಎಂಬ ಹೆಮ್ಮೆಯ ಪಕ್ಕದಲ್ಲೇ, ಕೊಡವರ ಮದುವೆ, ಸಾವು, ಹಬ್ಬಗಳಿಗೆ ಕೊಟ್ಟು ಎಂಬ ವಾದ್ಯ ಬಾರಿಸಿ, ಕೊಂಬು ಊದಿ ದುಡಿದ ಮೇದ, ಕೆಂಬಟ್ಟಿ ಮೊದಲಾದ ಸಮುದಾಯಗಳಿವೆ. ಕೊಡವ ನುಡಿ ಅವರದ್ದೂ ಹೌದು. ಅವರ ಪಾಲಿಗೆ ವಾದ್ಯ ನುಡಿಸುವುದು ಇಷ್ಟಪಟ್ಟು ಆರಿಸಿಕೊಂಡ ಹವ್ಯಾಸವಾಗಿರಲಿಲ್ಲ, ಹುಟ್ಟಿನಿಂದ ಹೆಗಲೇರಿದ ಊಳಿಗವಾಗಿತ್ತು. ಅವರಲ್ಲಿ ಮುಪ್ಪಾದ ವಾದ್ಯಗಾರರನ್ನು ಪರಂಪರೆಯ ಗುರುಗಳೆಂದು ಕರೆಯದೆ ಪರಂಪರೆ ಉಳಿಸುವ ಮಾತು ಪೂರ್ತಿಯಾಗದು.

ಹಾಗಾದರೆ ದಾರಿ? ಅದನ್ನು ಕೊಡಗು ಈಗಾಗಲೇ ಒಮ್ಮೆ ಕಂಡಿದೆ, ಹಾಡಿನಲ್ಲಲ್ಲ, ಆಟದಲ್ಲಿ. 1997ರಲ್ಲಿ ಪಾಂಡಂಡ ಕುಟ್ಟಪ್ಪ ಕರಡದಲ್ಲಿ ಆರಂಭಿಸಿದ ಕೌಟುಂಬಿಕ ಹಾಕಿಯಲ್ಲಿ ಮೊದಲ ವರ್ಷ ಆಡಿದ್ದು 60 ಒಕ್ಕಗಳು; 2024ರಲ್ಲಿ 360. ಒಂದೊಂದು ಒಕ್ಕ ಆತಿಥ್ಯ ವಹಿಸಿಕೊಂಡಿತು, ಅಜ್ಜನೂ ಮೊಮ್ಮಗಳೂ ಒಂದೇ ತಂಡದಲ್ಲಿ ಆಡಬಹುದಾಯಿತು. ಹಾಡಿಗೆ ಬೇಕಾದದ್ದು ಕಪ್, ಬಹುಮಾನಗಳಲ್ಲ; ಒಕ್ಕವೇ ಹೊಣೆ ಹೊರುವ ಈ ಅಭ್ಯಾಸ. ಅಕಾಡೆಮಿಗಳು ಶಿಬಿರ ನಡೆಸಲಿ, ಆಕಾಶವಾಣಿ ಧ್ವನಿಮುದ್ರಿಸಿಕೊಳ್ಳಲಿ. ಆದರೆ ಮರುನುಡಿಯುವ ಜೋಡಿಯನ್ನು ಸರ್ಕಾರ ನೇಮಿಸಲಾರದು. ಮುಂದಿನ ಪುತ್ತರಿ ಸುಗ್ಗಿ ಹಬ್ಬಕ್ಕೆ ಐನ್‌ಮನೆಯಲ್ಲಿ ಸೇರುವ ಪ್ರತಿಯೊಂದು ಒಕ್ಕವೂ ತನ್ನ ಹಿರಿಯ ಹಾಡುಗಾರರ ಎದುರಿಗೆ ಒಬ್ಬ ಹುಡುಗ, ಒಬ್ಬ ಹುಡುಗಿಯನ್ನು ದುಡಿ ಕೊಟ್ಟು ಕೂರಿಸಲಿ, ಹಾಡು ಮುಗಿಯುವವರೆಗೆ ಗಡಿಯಾರ ನೋಡದಿರಲಿ. ಹಾಡುವ ಹಿರಿಯರು ಇನ್ನೂ ಇರುವಾಗಲೇ ಈ ಕೆಲಸ ಆಗಬೇಕು.