ತೀರ್ಪಿಗಿಂತ ಮೊದಲು ದಾರಿ

ವಿದೇಶ ವ್ಯವಹಾರ ಬರೆದ ನಮ್ಮ ನಾಡಿನ ಪತ್ರಕರ್ತರಲ್ಲಿ ದೊಡ್ಡ ಹೆಸರು ಯಾವುದು ಅಂದ್ರೆ ನಾನು ಉಡುಪಿಯ ಎಂ.ವಿ. ಕಾಮತ್ ಅಂತೀನಿ. ಕೆಮಿಸ್ಟ್ ಕೆಲಸ ಬಿಟ್ಟು 1946ರಲ್ಲಿ ಮುಂಬಯಿಯ ಫ್ರೀ ಪ್ರೆಸ್ ಜರ್ನಲ್ ಸೇರಿದವರು. ಮುಂದೆ ಪಿಟಿಐಗೆ ವಿಶ್ವಸಂಸ್ಥೆಯಿಂದ, ಟೈಮ್ಸ್ ಆಫ್ ಇಂಡಿಯಾಗೆ ಬಾನ್, ಪ್ಯಾರಿಸ್, ವಾಷಿಂಗ್ಟನ್‌ಗಳಿಂದ ಬರೆದರು. ಬಾಂಗ್ಲಾ ಯುದ್ಧ, ನಿಕ್ಸನ್ ರಾಜೀನಾಮೆ, ನಮ್ಮ ತುರ್ತುಪರಿಸ್ಥಿತಿ ಎಲ್ಲ ನಡೆದಾಗ ಅವರು ಇದ್ದದ್ದು ವಾಷಿಂಗ್ಟನ್‌ನಲ್ಲೇ.

ಆಮೇಲೆ ಇಲ್ಲಸ್ಟ್ರೇಟೆಡ್ ವೀಕ್ಲಿ ಸಂಪಾದಕ, ಪ್ರಸಾರ ಭಾರತಿ ಅಧ್ಯಕ್ಷ, ಮಣಿಪಾಲದಲ್ಲಿ ಪತ್ರಿಕೋದ್ಯಮದ ಹಿರಿಯ. 2014ರಲ್ಲಿ ತೀರಿಕೊಂಡರು. ಆತ್ಮಕಥೆಯ ಹೆಸರಿನಲ್ಲೂ ತಮ್ಮನ್ನು 'ರಿಪೋರ್ಟರ್' ಅಂತಲೇ ಕರೆದುಕೊಂಡರು. ನನ್ನ ತಕರಾರು ಇಲ್ಲೇ ಇದೆ. ಕೊನೆಯ ವರ್ಷಗಳ ಕಾಮತ್ ವರದಿಗಾರರಿಗಿಂತ ಹೆಚ್ಚಾಗಿ ತೀರ್ಪುಗಾರರು. 2009ರಲ್ಲಿ ಸಹಲೇಖಕಿಯೊಂದಿಗೆ ಮೋದಿ ಬಗ್ಗೆ ಬರೆದ ಪುಸ್ತಕ 'ಆಧುನಿಕ ರಾಜ್ಯದ ಶಿಲ್ಪಿ' ಅಂತ ಮುಖಪುಟದಲ್ಲೇ ತೀರ್ಪು ಕೊಟ್ಟುಬಿಡುತ್ತೆ. ಒಳಗೆ ಓದುಗನಿಗೆ ತೀರ್ಮಾನಿಸೋಕೆ ಉಳಿಯೋದೇನು?

ಈ ಚಾಳಿ ಅವರೊಬ್ಬರದ್ದಲ್ಲ. ಇಸ್ರೇಲ್ ಸುದ್ದಿ ಬಂದರೆ ನಮ್ಮ ಅಂಕಣಗಳು, ಚಾನೆಲ್‌ಗಳು ಮೊದಲು ಕೇಳೋದು 'ನೀವು ಯಾವ ಕಡೆ' ಅಂತ. ಆ ದೇಶಕ್ಕೂ ನಮ್ಮ ಜಿಲ್ಲೆಗೂ ಇರೋ ನಂಟು ಯಾರಿಗೂ ಬೇಡ. ಚಿತ್ರದುರ್ಗದವನಾದ ನನಗೆ ಅದೇ ಮುಖ್ಯ. 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಹತ್ತಿರ ಹೊಲವೊಂದರಲ್ಲಿ ಡಿಆರ್‌ಡಿಒದ 'ತಪಸ್' ಡ್ರೋನ್ ಬಿತ್ತು. ಅದು ಅಲ್ಲಿ ಹಾರುತ್ತಿದ್ದದ್ಯಾಕೆ? ಪಕ್ಕದ ಚಳ್ಳಕೆರೆ ತಾಲ್ಲೂಕಿನ ವರವು ಕಾವಲಿನಲ್ಲಿ ಅದರ ಪರೀಕ್ಷಾ ಕೇಂದ್ರ ಇರೋದ್ರಿಂದ. ತಪಸ್ ಯಾಕೆ ಬೇಕಿತ್ತು? ನಮ್ಮ ಸೇನೆ ನೆಚ್ಚಿಕೊಂಡಿದ್ದ ಇಸ್ರೇಲಿನ ಹೆರಾನ್ ಡ್ರೋನ್‌ಗಳಿಗೆ ಬದಲಿಯಾಗಿ. ಆ ದೇಶದೊಂದಿಗೆ ಪೂರ್ಣ ರಾಜತಾಂತ್ರಿಕ ಸಂಬಂಧ ಶುರುವಾಗಿದ್ದು 1992ರಲ್ಲಿ. ದೆಹಲಿಯಲ್ಲಿ ಆದ ಆ ತೀರ್ಮಾನದಿಂದ ಹಿಡಿದು, ಕುರಿ-ದನ ಮೇಯುತ್ತಿದ್ದ ಕಾವಲಿಗೆ ಬೇಲಿ ಬೀಳೋವರೆಗೆ ಒಂದು ಕಥೆಯಿದೆ. ವಿದೇಶಾಂಗ ನೀತಿ ಅಂದ್ರೆ ಇದೂ ಹೌದು. ಆದರೆ ನಾವು ಡ್ರೋನ್ ಬಿದ್ದದ್ದನ್ನು ಸ್ಥಳೀಯ ಸುದ್ದಿ ಅಂತ ಓದಿದ್ವಿ, ಗಾಜಾವನ್ನು ವಿದೇಶಿ ಸುದ್ದಿ ಅಂತ ನೋಡಿದ್ವಿ.

1946ರ ಕಾಮತ್ ಆಗಿದ್ದರೆ ಮೊದಲು ವದ್ದಿಕೆರೆಗೆ ಹೋಗುತ್ತಿದ್ದರು ಅನ್ನಿಸುತ್ತೆ. ಅವರ ವೃತ್ತಿಯಿಂದ ನಾವು ಕಲಿಯಬೇಕಾದ್ದು ಆ ಮೊದಲರ್ಧವನ್ನೇ. ಹೊಸದುರ್ಗದ, ಹೊಳಲ್ಕೆರೆಯ ಓದುಗನಿಗೆ ಇಸ್ರೇಲ್ ಸರಿಯೋ ತಪ್ಪೋ ಅಂತ ಹೇಳೋಕೆ ಮುಂಚೆ, ಅದು ಅವನ ಜಿಲ್ಲೆಯ ಹೊಲಕ್ಕೆ ಬಂದ ದಾರಿ ತೋರಿಸಿ. ತೀರ್ಪನ್ನು ಅವನೇ ಕೊಟ್ಕೋತಾನೆ.