ಮುಂದೆ ಡೇನಿಯಲ್, ಹಿಂದೆ ಊರು

ಬೆಳ್ಳಾವಿ ಕಡೆಯ ನಮಗೆ ಗುಬ್ಬಿಯೆಂದರೆ ವೀರಣ್ಣನವರ ನಾಟಕ ಕಂಪನಿ. ಅದು ಹುಟ್ಟಿದ್ದು 1884ರಲ್ಲಿ. ಅದಕ್ಕೂ ಬಹಳ ಮೊದಲೇ, 1837ರಲ್ಲಿ, ವೆಸ್ಲಿಯನ್ ಮಿಷನ್ನಿನ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ಕೆಲಸ ಆರಂಭಿಸಿದ್ದರು. ನಾಲ್ಕು ದಶಕಗಳ ನಂತರ, 1877ರಲ್ಲಿ, ಅವರ ‘ಓಲ್ಡ್ ಡೇನಿಯಲ್’ ಪ್ರಕಟವಾಯಿತು. ಅದರ ಉದ್ದನೆಯ ಹೆಸರಿನಲ್ಲಿ ಮೂರು ಸಂಗತಿಗಳಿವೆ: ಮತಾಂತರಗೊಂಡ ಹಿಂದೂವೊಬ್ಬನ ಚರಿತೆ, ಗುಬ್ಬಿ ಸೀಮೆಯ ಮಿಷನ್ ಕೆಲಸ, ಹಳ್ಳಿಯ ಬದುಕಿನ ವರ್ಣನೆ.

ನನ್ನ ತಕರಾರು ಈ ಅನುಕ್ರಮದ ಬಗ್ಗೆಯೇ. ವ್ಯಕ್ತಿ ಮುಂದೆ, ಊರು ಹಿಂದೆ. ಮಿಷನರಿ ಚರಿತೆಗಳ ಮಾದರಿಯಲ್ಲಿ ಮತಾಂತರವೆಂದರೆ ಒಂದು ಜೀವ ಮತ್ತು ದೇವರ ನಡುವಿನ ಮಾತು. ಊರಿನಲ್ಲಿ ಅದು ಅಷ್ಟಕ್ಕೇ ನಿಲ್ಲುವುದಿಲ್ಲ. ನಾಳೆ ಇವನ ಮಗಳನ್ನು ಯಾರು ತಂದುಕೊಳ್ಳುತ್ತಾರೆ? ಯಾವ ಬಾವಿಯಲ್ಲಿ ನೀರು ಸೇದಬೇಕು? ಸತ್ತರೆ ಹೆಗಲು ಕೊಡುವವರು ಯಾರು? ಸಮಾಜಶಾಸ್ತ್ರ ಕೇಳುವುದು ಇವನ್ನೇ. ಆದ್ದರಿಂದ ಇಂಥ ಪುಸ್ತಕವನ್ನು ಹಿಂದಿನಿಂದ ಮುಂದಕ್ಕೆ ಓದಬೇಕು. ಊರನ್ನು ತಿಳಿದ ಮೇಲಷ್ಟೇ ಡೇನಿಯಲ್ ತೆತ್ತ ಬೆಲೆ ಕಂಡೀತು.

ಹಾಗೆಂದು ಸಮಾಜಶಾಸ್ತ್ರವೂ ಕಲೆಯಿಲ್ಲದ ಕನ್ನಡಿಯಲ್ಲ. ಎಂ. ಎನ್. ಶ್ರೀನಿವಾಸ್ 1948ರಲ್ಲಿ ‘ರಾಂಪುರ’ದಲ್ಲಿ ನೆಲೆಸಿದ್ದು ಪಟೇಲರ ಆಸರೆಯಲ್ಲಿ. ಆ ಜಗಲಿಯಿಂದ ಊರು ಕಂಡಷ್ಟು ಕೇರಿ ಕಾಣದು. ಬ್ರಾಹ್ಮಣನಾದ ತನ್ನ ನೋಟ ಮೇಲ್ಜಾತಿಯ ಕಡೆ ವಾಲಿತ್ತೆಂದು 1976ರ ‘ದಿ ರಿಮೆಂಬರ್ಡ್ ವಿಲೇಜ್’ನಲ್ಲಿ ಅವರೇ ಹೇಳಿಕೊಂಡಿದ್ದಾರೆ. ಕೇರಿಯವನೊಬ್ಬ ಸುವಾರ್ತೆಯನ್ನು ಏಕೆ ಕೇಳಿಸಿಕೊಂಡ ಎನ್ನುವುದಕ್ಕೆ ಜಗಲಿಯ ಮೇಲೆ ಉತ್ತರ ಸಿಗುವುದಿಲ್ಲ.

ಮತ ಬದಲಾದರೆ ಜಾತಿ ಕಳಚುತ್ತದೆ ಎಂಬ ನಂಬಿಕೆ ಮಿಷನರಿಗಳ ಜೊತೆಗೇ ಹೋಗಲಿಲ್ಲ. 1950ರ ರಾಷ್ಟ್ರಪತಿ ಆದೇಶ ಪರಿಶಿಷ್ಟ ಜಾತಿಯ ಸ್ಥಾನವನ್ನು ಹಿಂದೂಗಳಿಗಷ್ಟೇ ಮಿತಿಗೊಳಿಸಿತು. 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು. ದಲಿತ ಕ್ರೈಸ್ತರು ಹೊರಗೇ ಉಳಿದರು. ಕಾನೂನು ಜಾತಿಯನ್ನು ವ್ಯಕ್ತಿಯ ಮತದಲ್ಲಿ ಹುಡುಕುತ್ತದೆ. ಜಾತಿಯಾದರೋ ನೆರೆಹೊರೆಯವರ ನಡತೆಯಲ್ಲಿದೆ. ಎಷ್ಟೋ ಕಡೆ ಚರ್ಚಿನ ಮದುವೆ ಮಾತುಕತೆಯಲ್ಲೂ ಅದು ಬಂದು ಕೂರುತ್ತದೆ.

ಹಾಗಾಗಿ ಸೇವೆಗೆ ಹೊರಟವರು ಸಮಾಜಶಾಸ್ತ್ರ ಓದಲಿ, ಆದರೆ ಯಾವ ಗುಂಪು ಸುಲಭವಾಗಿ ಒಲಿದೀತು ಎಂದು ಲೆಕ್ಕ ಹಾಕುವುದಕ್ಕಲ್ಲ. ಅದು ಸಂತೆಯ ವ್ಯಾಪಾರಿಯ ಜಾಣ್ಮೆ. ನಂಬಿ ಬಂದವನು ಏನೇನು ಕಳೆದುಕೊಳ್ಳುತ್ತಾನೆ, ಅದರಲ್ಲಿ ಎಷ್ಟನ್ನು ಸಭೆ ತುಂಬಿಕೊಟ್ಟೀತು ಎಂಬ ಲೆಕ್ಕಕ್ಕೆ ಓದಲಿ.